ಗುಣವಾದ ಕಾಲಿನ ಕಟ್ಟು

“ಗುರುಗಳೇ, ನನ್ನಲ್ಲಿ ಇನ್ನೂ ಏನು ಬಾಕಿ ಇದೆ?”

ಅಡವಯ್ಯ ಇದನ್ನು ಕೇಳಿದಾಗ ಗುರುಗಳಿಗಾಗಿ ಎಲೆಅಡಿಕೆ ಕುಟ್ಟುತ್ತಿದ್ದ. ಗುರುಗಳ ಬಾಯಲ್ಲಿ ಹಲ್ಲು ಉಳಿದಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವರ ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿ ಕೊಡುತ್ತಿದ್ದವನು ಅವನೇ. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುವವನೂ ಅವನೇ. ಗುರುಗಳ ಕಣ್ಣು ಮಂಜಾದ ಮೇಲೆ ಗ್ರಂಥ ಓದಿ ಹೇಳುವವನೂ ಅವನೇ.

ಮಠದ ಬಾಗಿಲಲ್ಲಿ ಒಂದು ಬಂಡಿ ನಿಂತಿತ್ತು. ಹೊಳೆಯಾಚೆಯ ಊರಿನವರು ಬಂದಿದ್ದರು. ಅವರ ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರು ಯಾರೂ ಇರಲಿಲ್ಲ. ಅಡವಯ್ಯನನ್ನು ಕಳಿಸಿಕೊಡಿ ಎಂದು ಕೇಳಲು ಅವರು ಬಂದದ್ದು ಇದು ಮೂರನೆಯ ವರ್ಷ. ಹಿಂದಿನ ಎರಡು ಸಲವೂ ಗುರುಗಳು, “ಹುಡುಗನಲ್ಲಿ ಇನ್ನೊಂದಿಷ್ಟು ಬಾಕಿ ಇದೆ” ಎಂದು ಹೇಳಿ, ಮಜ್ಜಿಗೆ ಕುಡಿಸಿ ಕಳಿಸಿದ್ದರು. ಹುಡುಗನ ಗಡ್ಡದಲ್ಲಿ ಆಗಲೇ ನಾಲ್ಕು ಬಿಳಿ ಕೂದಲು ಬಂದಿದ್ದವು.

“ಈ ಸಲ ನೀವು ಹೇಳಲೇಬೇಕು,” ಎಂದ ಅಡವಯ್ಯ. “ವ್ಯಾಕರಣ ಸಾಲದೇ? ತಾಳ್ಮೆ ಸಾಲದೇ? ಇಂಥದ್ದು ಬಾಕಿ ಎಂದು ಗೊತ್ತಾದರೆ ಕೂತು ಕಲಿತುಬಿಡುತ್ತೇನೆ. ಆ ಊರಿನ ಮಕ್ಕಳು ನನಗಾಗಿ ಕಾಯುತ್ತಾ ಮೂರು ವರ್ಷ ದೊಡ್ಡವರಾಗಿದ್ದಾರೆ ಗುರುಗಳೇ.”

ಗುರುಗಳು ಬಾಗಿಲ ಕಡೆ ನೋಡಿದರು. ಬಂಡಿಯವರು ಎತ್ತುಗಳ ನೊಗ ಇಳಿಸಿರಲಿಲ್ಲ. ಈ ಸಲ ಮಜ್ಜಿಗೆ ಕುಡಿದು ಹೋಗುವ ಹಾಗೆ ಕಾಣಲಿಲ್ಲ.

“ಒಂದು ಕತೆ ಹೇಳುತ್ತೇನೆ,” ಎಂದರು ಗುರುಗಳು. “ಕುಟ್ಟುವುದನ್ನು ನಿಲ್ಲಿಸಬೇಡ. ನಡುವೆ ಬಾಯಿ ಹಾಕಿದೆಯೋ, ಕತೆ ಅಲ್ಲಿಗೇ ಬಿಟ್ಟು ಮಲಗಿಬಿಡುತ್ತೇನೆ.”

ಅಡವಯ್ಯ ಕುಟ್ಟತೊಡಗಿದ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಒಳ್ಳೆಯವನು. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅವನು ಹಿಂಡುವ ಎಣ್ಣೆ ಎಲ್ಲರಿಗೂ ಬೇಕು. ಅವನು ಎದುರಿಗೆ ಬರುವುದು ಮಾತ್ರ ಯಾರಿಗೂ ಬೇಡ. ಹೊರಟ ದಾರಿಯಲ್ಲಿ ಎಣ್ಣೆಕೊಡ ಎದುರಾದರೆ ಹೊರಟ ಕೆಲಸ ಕೆಡುತ್ತದೆ ಎಂದು ಆ ಊರಿನವರ ನಂಬಿಕೆ. ಹೆಣ್ಣು ನೋಡಲು ಹೊರಟವರು ಅವನನ್ನು ಕಂಡರೆ ಮನೆಗೆ ಹಿಂದಿರುಗಿ, ಒಂದು ಗಳಿಗೆ ಕೂತು, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ಪಾಪ, ಅವನೂ ಅದನ್ನು ಒಪ್ಪಿಕೊಂಡುಬಿಟ್ಟಿದ್ದ. ಯಾರಾದರೂ ಹೊಸ ಬಟ್ಟೆ ಉಟ್ಟು ಬರುವುದು ಕಂಡರೆ ತಾನೇ ಮರದ ಹಿಂದೆ ಸರಿದು ನಿಲ್ಲುತ್ತಿದ್ದ. ಎಂಥ ಮೂರ್ಖರು ನೋಡು! ಅವನ ಎಣ್ಣೆಯಲ್ಲಿ ಕರಿದ ಕಡುಬು ಬೇಕು, ಅವನ ಎಣ್ಣೆಯಲ್ಲಿ ದೇವರಿಗೆ ದೀಪ ಬೇಕು, ಅವನ ಮುಖ ಬೇಡ. ಇರಲಿ. ನನಗೆ ಸಿಟ್ಟು ಬಂದರೆ ಕತೆ ಕೆಡುತ್ತದೆ.

ಒಂದು ದಿನ ಅವನು ಕೆರೆಯ ಏರಿಯ ಮೇಲೆ ಬರುತ್ತಿದ್ದಾಗ ಜಾಲಿಮರದ ಕೆಳಗೆ ಒಂದು ತಟ್ಟುವನ್ನು ಕಂಡ. ತಟ್ಟು ಗೊತ್ತಲ್ಲ, ಹೇರು ಹೊರುವ ಗಿಡ್ಡ ಕುದುರೆ. ಯಾವನೋ ಉಪ್ಪಿನ ವ್ಯಾಪಾರಿ ಅದನ್ನು ಮೈ ಮುರಿಯುವಷ್ಟು ದುಡಿಸಿ, ಇನ್ನು ಏಳಲಾರದು ಎಂದಾಗ ಅಲ್ಲೇ ಕಟ್ಟಿಹಾಕಿ ಹೋಗಿದ್ದ. ಬಿಚ್ಚಿಯಾದರೂ ಹೋಗಬಾರದಿತ್ತೇ ಆ ಪಾಪಿ! ಬೆನ್ನ ಮೇಲೆ ಅಂಗೈಯಗಲದ ಹುಣ್ಣು. ಬಲ ಮುಂಗಾಲಿಗೆ ಕಟ್ಟಿದ ಹಗ್ಗ ಮಾಂಸದೊಳಗೆ ಹೂತುಹೋಗಿತ್ತು. ಗೊರಸುಗಳು ಬೆಳೆದು ಹಳೆಯ ಚಪ್ಪಲಿಯ ತುದಿಯಂತೆ ಮೇಲಕ್ಕೆ ಬಾಗಿದ್ದವು.

ಗಾಣಿಗ ಎಣ್ಣೆಕೊಡ ಇಳಿಸಿ ಅದರ ಎದುರಿಗೆ ಕೂತ. ತಟ್ಟು ಅವನನ್ನು ನೋಡಿತು. ಮುಖ ತಿರುಗಿಸಲಿಲ್ಲ. ತಿರುಗಿಸುವಷ್ಟು ಶಕ್ತಿಯೂ ಅದಕ್ಕಿರಲಿಲ್ಲ ಅನ್ನು. ಆದರೂ ಗಾಣಿಗನಿಗೆ ಕಣ್ಣಲ್ಲಿ ನೀರು ಬಂತು. ಹಗ್ಗ ಕೊಯ್ದು, ಅದರ ಹೊಟ್ಟೆಯ ಕೆಳಗೆ ತನ್ನ ಹೆಗಲುವಸ್ತ್ರ ಹಾಕಿ ಎತ್ತಿ, ಹತ್ತು ಹೆಜ್ಜೆಗೊಮ್ಮೆ ನಿಂತು, ಬೆಳಿಗ್ಗೆ ಹೊರಟವನು ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ಅದನ್ನು ಮನೆಗೆ ತಂದ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಇದೇನು? ಎಣ್ಣೆ ಕೊಟ್ಟು ಎಲುಬು ತಂದಿರಾ?”

“ನಾಲ್ಕು ದಿನ ಇರಲಿ ಕಣೇ.”

“ಇದು ನಾಲ್ಕು ದಿನ ಇದ್ದರೆ ನನ್ನ ಹೆಸರು ಬದಲಿಸಿ,” ಎಂದವಳೇ ಒಳಗೆ ಹೋಗಿ ರಾಗಿ ಅಂಬಲಿ ಕಾಯಿಸಿ ತಂದಳು. ಬಾಯಿ ಜೋರು, ಕೈ ಮೆತ್ತಗೆ. ಅಂಥವರು ಮನೆಗೊಬ್ಬರು ಇರಬೇಕು.

ಗಾಣಿಗನಿಗೆ ಆತುರ. ಒಂದು ಬುಟ್ಟಿ ಹುರುಳಿ ತಂದು ತಟ್ಟುವಿನ ಮುಂದೆ ಸುರಿಯಲು ಹೋದ. ಅಷ್ಟರಲ್ಲಿ ಆ ಊರಿನ ಸೂಲಗಿತ್ತಿ ಮಗುವಿನ ಮೈಗೆ ಹಚ್ಚುವ ಎಣ್ಣೆಗೆಂದು ಬಂದವಳು ಅವನ ಕೈ ಹಿಡಿದಳು.

“ಕೊಲ್ಲುತ್ತೀಯೇನೋ ಮಗಾ? ಒಣಗಿದ ಹೊಟ್ಟೆಗೆ ಇಷ್ಟು ಹುರುಳಿ ಬಿದ್ದರೆ ಉಬ್ಬಿ ಸಾಯುತ್ತದೆ. ಹಸಿ ಬಾಣಂತಿಗೆ ಕೊಟ್ಟ ಹಾಗೆ ಕೊಡು. ಮೊದಲು ಗಂಜಿ. ಆಮೇಲೆ ಒಂದು ಹಿಡಿ ಹುಲ್ಲು. ವಾರ ಕಳೆದ ಮೇಲೆ ಒಂದು ಹಿಡಿ ಹುರುಳಿ, ಅದೂ ಬೇಯಿಸಿ.”

ಆ ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿದವಳು ಅವಳು. ಗಾಣಿಗನನ್ನೂ ಅವಳೇ ಇಳಿಸಿದ್ದಳು. ಈಗ ಅವಳಿಗೆ ವಯಸ್ಸಾಗಿತ್ತು. ಮಂಡಿ ಹಿಡಿದುಕೊಂಡಿತ್ತು. ಸುತ್ತಿನ ಏಳು ಹಳ್ಳಿಗೆ ಬೇರೆ ಸೂಲಗಿತ್ತಿ ಇರಲಿಲ್ಲ. ಹೊರಡುವಾಗ ಅವಳು ತಟ್ಟುವಿನ ಕುತ್ತಿಗೆ ಸವರಿ ಕೇಳಿದಳು. “ಇದು ಬದುಕಿದರೆ ನನಗೆ ಕೊಡುತ್ತೀಯಾ? ಹೆರಿಗೆಗೆ ಕರೆ ಬಂದರೆ ನಡೆದು ಮುಟ್ಟಲು ಆಗುತ್ತಿಲ್ಲ.”

“ಗುಣವಾದ ದಿನ ಇದು ನಿನ್ನದೇ ಅವ್ವಾ. ನನ್ನ ಗಾಣದ ಆಣೆ,” ಎಂದ ಗಾಣಿಗ.

ಮನಸ್ಸಿನಿಂದಲೇ ಹೇಳಿದ. ಅದರಲ್ಲಿ ಸುಳ್ಳಿರಲಿಲ್ಲ.

ಅವನ ಆರೈಕೆಯನ್ನು ನೋಡಬೇಕಿತ್ತು ನೀನು. ಬೆಳಿಗ್ಗೆ ಎದ್ದು ಹುಣ್ಣು ತೊಳೆದು ಹೊಂಗೆ ಎಣ್ಣೆ ಹಚ್ಚುವನು. ನೊಣ ಕೂರದ ಹಾಗೆ ಬೇವಿನ ಸೊಪ್ಪು ಬೀಸುವನು. ಹಗ್ಗ ಕೊರೆದ ಕಾಲಿಗೆ ಅರಿಶಿನದ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಕಟ್ಟುವನು. ತಿಂಗಳಿಗೊಮ್ಮೆ ಸಂತೆಗೆ ಲಾಳ ಕಟ್ಟುವವನು ಬರುತ್ತಿದ್ದ. ಅವನು ಗೊರಸು ನೋಡಿ, “ಒಂದೇ ಸಲಕ್ಕೆ ಕೊಯ್ದರೆ ರಕ್ತ ಬರುತ್ತದೆ. ಪ್ರತಿ ಸಂತೆಗೆ ಒಂದು ಬೆರಳಷ್ಟು ತೆಗೆಯೋಣ,” ಎಂದ. ಹಾಗೇ ತೆಗೆದ. ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ತಟ್ಟು ಕೆನೆಯಿತು. ಹೆಂಡತಿ ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದು ಅದರ ಕೊರಳು ತಬ್ಬಿಕೊಂಡಳು. ತಟ್ಟು ಅವಳ ಕೈಯಲ್ಲಿದ್ದ ಹಿಟ್ಟನ್ನು ನೆಕ್ಕಿತು. ಇಬ್ಬರೂ ನಕ್ಕು ನಕ್ಕು ಸುಸ್ತಾದರು.

“ಈಗ ನಿನ್ನ ಹೆಸರು ಏನು ಇಡಲಿ?” ಎಂದು ಗಾಣಿಗ ಕೇಳಿದ.

“ನೆಟ್ಟಗೆ ಗಾಣ ನೋಡಿ ಹೋಗಿ,” ಎಂದಳು ಅವಳು.

ಸುದ್ದಿ ಹರಡಿತು. ಜನ ನೋಡಲು ಬಂದರು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬುದು ಅಲ್ಲಿಯ ಪದ್ಧತಿ. ಕಾಯಿಲೆ ಬಿದ್ದದ್ದು ಮನುಷ್ಯನಾದರೇನು, ತಟ್ಟುವಾದರೇನು? ಒಬ್ಬಳು ಬೆಲ್ಲ ತಂದಳು. ಒಬ್ಬ ಬಾಳೆಹಣ್ಣು ತಂದ. ಇನ್ನೊಬ್ಬ ನೆನೆಸಿದ ಕಡಲೆ ತಂದ. ಬಂದವರು ತಟ್ಟುವನ್ನು ನೋಡಿ, ಆಮೇಲೆ ಗಾಣಿಗನನ್ನು ನೋಡಿ, “ಪುಣ್ಯಾತ್ಮ ನೀನು,” ಎಂದರು.

ಗಾಣಿಗ ಹಿಂದೆ ತಿರುಗಿ ನೋಡಿದ. ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡ.

ನಗಬೇಡ. ಹುಟ್ಟಿದಾಗಿನಿಂದ ಕೇಳದ ಮಾತು ಅದು. ಮೊದಲ ದಿನ ಅವನಿಗೆ ನಾಚಿಕೆಯಾಯಿತು. ಎರಡನೆಯ ದಿನ ಇಷ್ಟವಾಯಿತು. ಹತ್ತನೆಯ ದಿನ, ಜನ ಬರುವುದು ತಡವಾದರೆ ಬಾಗಿಲಿಗೆ ಬಂದು ಬೀದಿ ನೋಡತೊಡಗಿದ. ಹೆಣ್ಣು ನೋಡಲು ಹೊರಟವರು ಈಗ ಬೇಕೆಂದೇ ಅವನ ಮನೆಯ ಮುಂದೆ ಹಾದು, ಅವನ ಮುಖ ನೋಡಿ ಹೋಗುತ್ತಿದ್ದರು. ಅವನು ಮರದ ಹಿಂದೆ ಸರಿಯುವುದನ್ನು ಬಿಟ್ಟ.

ನಾಲ್ಕನೆಯ ತಿಂಗಳ ಸಂತೆಗೆ ಲಾಳದವನು ಬಂದ. ಗೊರಸು ಸರಿಮಾಡಿ, ಲಾಳ ಹೊಡೆದು, ಕಾಲಿನ ಕಟ್ಟು ಬಿಚ್ಚಿ ನೋಡಿದ. ಹುಣ್ಣು ವಾಸಿಯಾಗಿತ್ತು. ಮೇಲೆ ಕೂದಲು ಬಂದಿತ್ತು.

“ಮುಗಿಯಿತು,” ಎಂದ. “ಇನ್ನು ಕಟ್ಟು ಬೇಡ. ದಿನಾ ನಡೆಸು. ಕೆಲಸ ಕೊಡು. ಬೆಲ್ಲ ಕಡಲೆ ನಿಲ್ಲಿಸು. ನಾನು ಮಳೆಗಾಲ ಕಳೆದ ಮೇಲೆ ಬರುತ್ತೇನೆ.”

ಲಾಳದವನು ಹೋದ. ಗಾಣಿಗ ಬಟ್ಟೆಯ ಕಟ್ಟನ್ನು ಕೈಯಲ್ಲಿ ಹಿಡಿದು ನಿಂತ. ಅಷ್ಟರಲ್ಲಿ ಪಕ್ಕದ ಹಳ್ಳಿಯವರು ನಾಲ್ಕು ಜನ ಬೆಲ್ಲದ ಅಚ್ಚು ಹಿಡಿದು ಬರುವುದು ಕಾಣಿಸಿತು. ಅಷ್ಟು ದೂರ ನಡೆದು ಬಂದಿದ್ದಾರೆ, ಇವತ್ತು ಒಂದು ದಿನ ಇರಲಿ ಎಂದುಕೊಂಡ. ಗುಣವಾದ ಕಾಲಿಗೆ ಮತ್ತೆ ಬಟ್ಟೆ ಕಟ್ಟಿದ.

“ಬಿಚ್ಚಿಬಿಡಬೇಕಿತ್ತು!” ಎಂದ ಅಡವಯ್ಯ, ತಡೆಯಲಾರದೆ.

ಗುರುಗಳು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದರು. “ಬಾಯಿ ಹಾಕಬೇಡ ಎಂದಿದ್ದೆನಲ್ಲ? ಬಿಚ್ಚುವುದು ಅಷ್ಟು ಸುಲಭ ಎಂದುಕೊಂಡಿದ್ದೀಯಾ? ಕುಟ್ಟು, ಕುಟ್ಟು.”

ಅವರು ಮಲಗಲಿಲ್ಲ. ಕತೆ ಮುಂದುವರಿಯಿತು.

ಮರುದಿನವೂ ಯಾರೋ ಬಂದರು. ಮರುದಿನವೂ ಕಟ್ಟಿದ. ದಿನಾ ಬೆಳಿಗ್ಗೆ ಬಟ್ಟೆ ಕಟ್ಟುವುದು, ಸಂಜೆ ಬಿಚ್ಚುವುದು, ಅದೇ ಅವನ ಪೂಜೆಯಾಯಿತು. ತಟ್ಟು ಅವನಿಗಿಂತ ಜಾಣ. ಬಟ್ಟೆ ಕಟ್ಟಿದ ಕಾಲನ್ನು ಎತ್ತಿ ನಿಂತರೆ ಬೆಲ್ಲ ಬರುತ್ತದೆ ಎಂದು ಕಲಿತುಬಿಟ್ಟಿತು. ಜನರ ಸದ್ದು ಕೇಳಿದರೆ ಸಾಕು, ಕಾಲು ಮೇಲೆ. ಒಂದು ದಿನ ಗಾಣಿಗ ಯಾವುದೋ ಯೋಚನೆಯಲ್ಲಿ ಬಲಗಾಲಿಗೆ ಬದಲು ಎಡಗಾಲಿಗೆ ಬಟ್ಟೆ ಕಟ್ಟಿದ. ತಟ್ಟು ಎಡಗಾಲನ್ನೇ ಎತ್ತಿ ನಿಂತಿತು. ಬಂದವರು, “ಅಯ್ಯೋ ಪಾಪ,” ಎಂದು ಬೆಲ್ಲ ಕೊಟ್ಟರು.

ಹೆಂಡತಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು. “ನಿನ್ನೆ ಆ ಕಾಲು, ಇವತ್ತು ಈ ಕಾಲು. ನಾಳೆ ಬಾಲಕ್ಕೆ ಕಟ್ಟುತ್ತೀರೇನು? ನಮ್ಮ ಗಾಣದ ಎತ್ತು ಹನ್ನೊಂದು ವರ್ಷದಿಂದ ಸುತ್ತುತ್ತಿದೆ. ಅದಕ್ಕೆ ಯಾರಾದರೂ ಒಂದು ದಿನ ಬೆಲ್ಲ ತಂದರಾ?”

ಗಾಣಿಗನ ಮುಖ ಕೆಂಪಾಯಿತು. ಬಟ್ಟೆಯನ್ನು ಬಲಗಾಲಿಗೆ ಬದಲಿಸಿದ. ಬಿಚ್ಚಲಿಲ್ಲ.

ಸೂಲಗಿತ್ತಿ ಎಣ್ಣೆಗೆ ಬಂದಾಗಲೆಲ್ಲ ಕೇಳುತ್ತಿದ್ದಳು. “ಗುಣವಾಯಿತೇನೋ ಮಗಾ?”

“ಇನ್ನೊಂದಿಷ್ಟು ಬಾಕಿ ಇದೆ ಅವ್ವಾ.”

ಅವಳೇನು ಕುರುಡಿಯೇ? ಒಂದು ದಿನ ತಟ್ಟುವಿನ ಹೊಳೆಯುವ ಬೆನ್ನನ್ನೂ, ಗಡಿಗೆಯಂಥ ಹೊಟ್ಟೆಯನ್ನೂ ನೋಡಿ ಹೇಳಿದಳು. “ಮಂಚ ಬಿಟ್ಟು ಏಳದ ಬಾಣಂತಿಯರನ್ನು ಬೇಕಾದಷ್ಟು ಕಂಡಿದ್ದೇನಪ್ಪ. ಬಾಣಂತಿಯನ್ನು ಏಳುವುದಕ್ಕೆ ಬಿಡದ ಅತ್ತೆಯನ್ನು ನೋಡುತ್ತಿರುವುದು ಇದೇ ಮೊದಲು.” ನಗುತ್ತಲೇ ಹೇಳಿದಳು. ಎಣ್ಣೆ ತೆಗೆದುಕೊಂಡು ಮಂಡಿ ಹಿಡಿದು ನಡೆದು ಹೋದಳು.

ಶ್ರಾವಣದ ಒಂದು ಮಧ್ಯಾಹ್ನ ಅವಳು ಏದುಸಿರು ಬಿಡುತ್ತಾ ಬಂದಳು. ಎರಡು ಹರದಾರಿ ದೂರದ ಹಳ್ಳಿಯಲ್ಲಿ ಚೊಚ್ಚಲ ಹೆರಿಗೆ. ನೋವು ಬೆಳಿಗ್ಗೆಯೇ ಶುರುವಾಗಿತ್ತು. “ತಟ್ಟು ಕೊಡು ಮಗಾ. ಇವತ್ತು ಒಂದು ದಿನ ಕೊಡು. ಸಂಜೆಗೆ ತಂದು ಕಟ್ಟುತ್ತೇನೆ.”

ಅಂಗಳದಲ್ಲಿ ಏಳೆಂಟು ಜನ ಕೂತಿದ್ದರು. ತಟ್ಟು ಕಟ್ಟಿದ ಕಾಲನ್ನು ಎತ್ತಿ ನಿಂತಿತ್ತು. ಗಾಣಿಗ ಅವಳನ್ನು ನೋಡಿದ. ಕೂತವರನ್ನು ನೋಡಿದ. ಈಗ ಕಟ್ಟು ಬಿಚ್ಚಿ ಅವಳನ್ನು ಹತ್ತಿಸಿದರೆ ತಟ್ಟು ಓಡುತ್ತದೆ. ಓಡಿದರೆ ಇಷ್ಟು ದಿನದ ನಾಟಕ ಬಯಲಾಗುತ್ತದೆ.

“ಇನ್ನೊಂದಿಷ್ಟು ಬಾಕಿ ಇದೆ ಅವ್ವಾ,” ಎಂದ.

ಅವಳು ಮಂಡಿ ಹಿಡಿದು ನಡೆದೇ ಹೋದಳು.

ಹೆದರಬೇಡ, ನನ್ನ ಕತೆಯಲ್ಲಿ ಯಾರೂ ಸಾಯುವುದಿಲ್ಲ. ಅವಳು ಮುಟ್ಟುವ ಹೊತ್ತಿಗೆ ಕೂಸು ತಾನಾಗಿಯೇ ಹೊರಗೆ ಬಂದುಬಿಟ್ಟಿತ್ತು. ತಾಯಿಗೆ ರಕ್ತ ಹೋಗಿ ಪ್ರಜ್ಞೆ ತಪ್ಪಿತ್ತು. ಅವಳನ್ನು ಉಳಿಸಿಕೊಳ್ಳುವುದರಲ್ಲಿ ಸೂಲಗಿತ್ತಿಗೆ ಸಾಕುಸಾಕಾಯಿತು. ಮರುದಿನ ಅವಳು ಗಾಣಿಗನ ಮನೆಗೆ ಬಂದು ಇದನ್ನಷ್ಟೇ ಹೇಳಿ, “ಇಬ್ಬರೂ ಉಳಿದರು ಮಗಾ, ನಿನ್ನ ಪುಣ್ಯ,” ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ದಿನ ಅವನಿಗೆ ಅನ್ನ ಇಳಿಯಲಿಲ್ಲ. ಬೆಳಿಗ್ಗೆ ಎದ್ದು ಈ ಹಾಳು ಬಟ್ಟೆಯನ್ನು ಒಲೆಗೆ ಹಾಕಿಬಿಡುತ್ತೇನೆ ಎಂದುಕೊಂಡು ಮಲಗಿದ.

ಬೆಳಿಗ್ಗೆ ಎದ್ದು ಬಟ್ಟೆ ಕಟ್ಟಲಿಲ್ಲ. ಆದರೂ ತಟ್ಟು ಕಾಲು ಊರಲಿಲ್ಲ.

“ಸಾಕು ಕಾಲು ಇಳಿಸೋ, ಇವತ್ತು ಯಾರೂ ಬಂದಿಲ್ಲ,” ಎಂದು ಬೆನ್ನು ತಟ್ಟಿದ. ತಟ್ಟು ಒಂದು ಹೆಜ್ಜೆ ಇಟ್ಟು ನಡುಗಿತು. ಎರಡನೆಯ ಹೆಜ್ಜೆಗೆ ಮಂಡಿಯೂರಿ ಕೂತುಬಿಟ್ಟಿತು. ಬೆಲ್ಲ ತೋರಿಸಿದ. ಬೆಲ್ಲವನ್ನೂ ಮೂಸಲಿಲ್ಲ.

ಮಳೆಗಾಲ ಮುಗಿದಿರಲಿಲ್ಲ. ಲಾಳದವನು ಮೂರು ಊರಿನಾಚೆ ಇದ್ದ. ಗಾಣಿಗ ಗಾಣ ನಿಲ್ಲಿಸಿ, ಅಲ್ಲಿಯವರೆಗೂ ಹೋಗಿ, ಕಾಲಿಗೆ ಬಿದ್ದು ಕರೆತಂದ. ಲಾಳದವನು ಎರಡೂ ಮುಂಗಾಲಿನ ಗೊರಸಿನ ಮೇಲೆ ಅಂಗೈ ಇಟ್ಟು ನೋಡಿದ.

“ಕಟ್ಟಿದ ಕಾಲೂ ಬಿಸಿ, ಕಟ್ಟದ ಕಾಲೂ ಬಿಸಿ,” ಎಂದ. “ಎಷ್ಟು ತಿಂಗಳಿಂದ ನಿಲ್ಲಿಸಿ ಮೇಯಿಸುತ್ತಿದ್ದೀಯಾ? ನಿಂತಲ್ಲೇ ಬೆಲ್ಲ, ಕಡಲೆ, ಹುರುಳಿ ತಿಂದರೆ ಕುದುರೆಗೆ ಹೊಟ್ಟೆ ಕೆಡುವ ಮೊದಲು ಗೊರಸು ಕೆಡುತ್ತದೆ. ಅವತ್ತು ಇದು ಹಸಿವಿನಿಂದ ಬಿದ್ದಿತ್ತು. ಇವತ್ತು ನಿನ್ನ ಅಕ್ಕರೆಯಿಂದ ಬಿದ್ದಿದೆ. ಹೀಗೇ ಇನ್ನೊಂದು ತಿಂಗಳು ಬಿಟ್ಟರೆ ಜನ್ಮವಿಡೀ ಕುಂಟುತ್ತದೆ.”

ಗಾಣಿಗ ಗೊಳೋ ಎಂದು ಅತ್ತ. ಲಾಳದವನಿಗೆ ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ. “ಅಳುವುದು ಆಮೇಲೆ ಇರಲಿ. ದಿನಕ್ಕೆ ಎರಡು ಹೊತ್ತು ಕೆರೆಯಂಚಿನ ತಣ್ಣನೆ ಕೆಸರಿನಲ್ಲಿ ನಿಲ್ಲಿಸು. ಒಣಹುಲ್ಲು, ನೀರು ಬಿಟ್ಟು ಬೇರೇನೂ ಕೊಡಬೇಡ. ಕಾವು ಇಳಿದ ಮೇಲೆ ನಡೆಸು,” ಎಂದು ಹೇಳಿ ಹೋದ.

ತಟ್ಟು ಒಂಟಿಯಾಗಿ ಕೆಸರಿನಲ್ಲಿ ನಿಲ್ಲುತ್ತದೆಯೇ? ಅದು ಹಟ ಮಾಡಿತು. ಗಾಣಿಗನೂ ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ನಿಂತ. ಮೊಣಕಾಲಿನವರೆಗೆ ಕೆಸರು. ಬಟ್ಟೆ ಒಗೆಯಲು ಬಂದವರು, ನೀರಿಗೆ ಬಂದವರು ನೋಡಿದರು. “ಪುಣ್ಯಾತ್ಮ, ಕೆಸರಿನಲ್ಲಿ ಯಾಕೆ ನಿಂತೆ?”

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಅವನು ಜಾರಿಕೊಳ್ಳಲಿಲ್ಲ. “ಇದು ಮಳೆಗಾಲಕ್ಕೆ ಮೊದಲೇ ಗುಣವಾಗಿತ್ತು,” ಎಂದ. “ನೀವು ಬರುವುದು ನಿಲ್ಲುತ್ತದಲ್ಲ ಎಂದು ನಾನೇ ಬಟ್ಟೆ ಕಟ್ಟಿ ಕುಂಟು ಮಾಡಿದೆ.”

ಕೇಳಿದವರಿಗೆಲ್ಲ ಅದನ್ನೇ ಹೇಳಿದ. ಕೆಲವರು ನಕ್ಕರು. ಬೆಲ್ಲ ತಂದಿದ್ದವರು ಕೆಲವರು ಉಗಿದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಅವನ ಅಂಗಳಕ್ಕೆ ಬರುವವರು ಯಾರೂ ಉಳಿಯಲಿಲ್ಲ. ಹೆಣ್ಣು ನೋಡಲು ಹೊರಟವರು ಮತ್ತೆ ಬೇರೆ ಬೀದಿ ಹಿಡಿದರು. ಹೆಂಡತಿ ಮಾತ್ರ ದಿನಾ ಮಧ್ಯಾಹ್ನ ಕೆರೆಗೆ ರೊಟ್ಟಿ ತಂದು ಕೊಡುತ್ತಿದ್ದಳು. “ಒಬ್ಬನಿಗೆ ಒಣಹುಲ್ಲು, ಒಬ್ಬನಿಗೆ ಒಣರೊಟ್ಟಿ. ಇಬ್ಬರಿಗೂ ಪಥ್ಯ,” ಎಂದು ನಗುತ್ತಿದ್ದಳು. ಅವನಿಗೂ ನಗು ಬರುತ್ತಿತ್ತು.

ಒಂದೂವರೆ ತಿಂಗಳಿಗೆ ಗೊರಸು ತಣ್ಣಗಾಯಿತು. ಗಡಿಗೆ ಹೊಟ್ಟೆ ಇಳಿಯಿತು. ಮೊದಲ ದಿನ ಹತ್ತು ಹೆಜ್ಜೆ. ಆಮೇಲೆ ಗಾಣದ ಸುತ್ತ. ಆಮೇಲೆ ಊರ ಸುತ್ತ. ತಟ್ಟು ಓಡತೊಡಗಿದ ದಿನ ಗಾಣಿಗ ಅದನ್ನು ಹಿಡಿದುಕೊಂಡು ನೇರ ಸೂಲಗಿತ್ತಿಯ ಮನೆಗೆ ಹೋದ. ಹೊರಡುವಾಗ ಹೆಂಡತಿ ಅದರ ಹಣೆಗೆ ಕುಂಕುಮ ಇಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅವನು ಹಗ್ಗವನ್ನು ಸೂಲಗಿತ್ತಿಯ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತ. “ಬಾಕಿ ಏನಾದರೂ ಇದೆಯೇನೋ?” ಎಂದಷ್ಟೇ ಅವಳು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ.

ಕೊಟ್ಟದ್ದೇನೋ ಕೊಟ್ಟ. ಆದರೆ ಮನೆಗೆ ಬಂದರೆ ಕೊಟ್ಟಿಗೆ ಖಾಲಿ. ಕೊಡಲೇಬೇಕು ಎಂದು ಕೊಟ್ಟದ್ದು ಅದು. ಕೈ ಬಿಟ್ಟಿತ್ತು, ಮನಸ್ಸು ಬಿಟ್ಟಿರಲಿಲ್ಲ. ಅದಕ್ಕೆ ಇನ್ನೊಂದು ದಿನ ಬರಬೇಕಾಯಿತು.

ಸುಗ್ಗಿಯ ಹೊತ್ತು. ಅವನು ಎಣ್ಣೆಕೊಡ ಹೊತ್ತು ಕೆರೆಯ ಏರಿಯ ಮೇಲೆ ಹೋಗುತ್ತಿದ್ದ. ದೂರದಿಂದ ಗೊರಸಿನ ಸದ್ದು ಕೇಳಿತು. ಸೂಲಗಿತ್ತಿ ತಟ್ಟುವಿನ ಮೇಲೆ ಕೂತು ಬರುತ್ತಿದ್ದಳು. ಎಲ್ಲೋ ಹೆರಿಗೆಗೆ ಹೊರಟಿದ್ದಳು. ಹೊರಟ ಕೆಲಸ ಎಂಥದು ನೋಡು, ಒಂದು ಜೀವ ಭೂಮಿಗೆ ಬರುವ ಕೆಲಸ. ತಾನು ಎಣ್ಣೆಕೊಡ ಹೊತ್ತು ಎದುರಾದರೆ? ಗಾಣಿಗ ಅದೇ ಜಾಲಿಮರದ ಹಿಂದೆ ಸರಿದು ಉಸಿರು ಬಿಗಿಹಿಡಿದು ನಿಂತ.

ಮನುಷ್ಯರ ಕಣ್ಣು ತಪ್ಪಿಸಬಹುದು. ತಟ್ಟುವಿನ ಮೂಗು ತಪ್ಪಿಸುವುದು ಹೇಗೆ? ಅದು ಮರದ ಬಳಿ ಬಂದು ಗಕ್ಕನೆ ನಿಂತಿತು. ಮರದ ಹಿಂದೆ ಕುತ್ತಿಗೆ ಚಾಚಿ ಅವನ ಹೆಗಲುವಸ್ತ್ರ ಕಚ್ಚಿ ಎಳೆಯಿತು.

“ಬಾರಪ್ಪ ಹೊರಗೆ,” ಎಂದಳು ಸೂಲಗಿತ್ತಿ. “ಎದುರಿಗೇ ಬಾ. ನಿನ್ನ ಮುಖ ನೋಡದೆ ಇದು ಹೆಜ್ಜೆ ಇಡುವುದಿಲ್ಲ. ಅಲ್ಲಿ ಕೂಸು ಕಾಯುವುದಿಲ್ಲ.”

ಗಾಣಿಗ ಕೊಡ ಹೊತ್ತುಕೊಂಡೇ ಎದುರಿಗೆ ಬಂದ. ತಟ್ಟು ಅವನ ಕೈ ಮೂಸಿತು. ಕೈಯಲ್ಲಿ ಬೆಲ್ಲ ಇರಲಿಲ್ಲ. ಆದರೂ ಅಲ್ಲೇ ಮೂಗು ಉಜ್ಜುತ್ತಾ ನಿಂತಿತು. ಹೊರಡುವ ಲಕ್ಷಣವೇ ಇಲ್ಲ. ಅವನಿಗೆ ಹೊಟ್ಟೆಯೊಳಗಿನಿಂದ ಸಂತೋಷ ಉಕ್ಕಿ ಬಂತು. ಇನ್ನೊಂದು ಗಳಿಗೆ ನಿಲ್ಲಲಿ, ಇನ್ನೊಂದೇ ಗಳಿಗೆ ಎನಿಸಿತು. ಅದರ ಕಣ್ಣು ನೋಡಿದ. ಸೂಲಗಿತ್ತಿಯ ಮುಖ ನೋಡಿದ.

ಆಮೇಲೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡು, ಅದರ ಹಿಂಭಾಗಕ್ಕೆ ಫಟ್ ಎಂದು ಒಂದು ಏಟು ಕೊಟ್ಟ. “ನಡಿಯೋ! ನಿನ್ನ ಕೆಲಸ ನೋಡು!”

ತಟ್ಟು ಕಿವಿ ನಿಮಿರಿಸಿ ಓಡಿತು. ತಿರುಗಿ ಕೂಡ ನೋಡಲಿಲ್ಲ. “ಹಾಳಾದ್ದು,” ಎಂದ ಗಾಣಿಗ. ಏರಿಯ ಮೇಲೆ ಒಬ್ಬನೇ ನಿಂತು ನಕ್ಕ. ಅವತ್ತು ಆ ಹಳ್ಳಿಯಲ್ಲಿ ಗಟ್ಟಿಮುಟ್ಟಾದ ಹೆಣ್ಣು ಮಗು ಹುಟ್ಟಿತು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಕುಟ್ಟಾಣಿ ಕೆಳಗಿಟ್ಟು ಕೈಮುಗಿದ. ತಗ್ಗಿದ ದನಿಯಲ್ಲಿ ಹೇಳಿದ.

“ತಿಳಿಯಿತು ಗುರುಗಳೇ. ಆ ತಟ್ಟು ನಾನು. ಮಠದ ಅನ್ನಕ್ಕೆ, ನಿಮ್ಮ ಅಕ್ಕರೆಗೆ ಒಗ್ಗಿಹೋಗಿ ಎಲ್ಲೋ ಕಾಲು ಎತ್ತಿಕೊಂಡು ನಿಂತಿದ್ದೇನೆ. ನನ್ನಲ್ಲಿ ಯಾವುದು ಕುಂಟುತ್ತಿದೆ ಎಂದು ಹೇಳಿ. ತಿದ್ದಿಕೊಳ್ಳುತ್ತೇನೆ. ಬಂಡಿಯವರಿಗೆ ಬರುವ ವರ್ಷ ಬನ್ನಿ ಎಂದು ನಾನೇ ಹೇಳಿ ಕಳಿಸುತ್ತೇನೆ.”

ಗುರುಗಳು ಕೈ ಚಾಚಿ ಕುಟ್ಟಾಣಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಾವೇ ಕುಟ್ಟತೊಡಗಿದರು. ಎರಡು ಏಟು ಒಳಗೆ ಬಿದ್ದವು. ಒಂದು ಹೊರಗೆ ಬಿತ್ತು.

“ನಿನ್ನ ಕಾಲು ಗುಣವಾಗಿ ಮೂರು ವರ್ಷವಾಯಿತು ಕಣಯ್ಯಾ. ನನ್ನ ಎಲೆಅಡಿಕೆ ಕುಟ್ಟುವವರು ಯಾರು ಎಂದು ದಿನಾ ಬೆಳಿಗ್ಗೆ ಬಟ್ಟೆ ಕಟ್ಟುತ್ತಿದ್ದವನು ನಾನು. ನಡಿ, ಬಂಡಿ ಕಾಯುತ್ತಿದೆ.”